ಗಣೇಶನ ಮದುವೆ: ದಿನಾ ಜಗಳ ಆಡುವ ಹುಡುಗಿಯ ದನಿ ಗಣೇಶನಿಗೆ ಯಾಕೆ ಗೊತ್ತಾಗಲಿಲ್ಲ?

ತಿಪಟೂರು ತೆಂಗು

ಭಾನುವಾರ ಮನೆಮಂದಿ ಎಲ್ಲ ಕೂತು 'ಗಣೇಶನ ಮದುವೆ' ನೋಡಿದೆವು. ನನಗೆ ಇದು ಎಷ್ಟನೇ ಸಲ ಅನ್ನೋ ಲೆಕ್ಕ ತಪ್ಪಿಹೋಗಿದೆ. ಅಣ್ಣನ ಮಗಳು ಮಾತ್ರ ಮೊದಲ ಸಲ ನೋಡಿದಳು. ಅವಳಿಗೆ 15 ವರ್ಷ. ಮನೆ ಓನರ್ ರಮಣಮೂರ್ತಿ ಬಂದಾಗಲೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕಳು. ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿದಳು. ನನಗೆ ಉತ್ತರ ಹೊಳೀಲಿಲ್ಲ.

ನೋಡದೇ ಇರೋರಿಗೆ ಕತೆ ಚುಟುಕಾಗಿ ಹೇಳ್ತೀನಿ. 1990ರ ಸಿನಿಮಾ, ಫಣಿ ರಾಮಚಂದ್ರ ನಿರ್ದೇಶನ. ಒಂದು ವಠಾರ, ಅಂದ್ರೆ ಒಂದೇ ಅಂಗಳಕ್ಕೆ ಸೇರಿದ ಸಾಲು ಬಾಡಿಗೆ ಮನೆಗಳು. ಅದರ ಯಜಮಾನ ರಮಣಮೂರ್ತಿ, ಅಂದ್ರೆ ಮುಖ್ಯಮಂತ್ರಿ ಚಂದ್ರು. ಬಾಡಿಗೆಗಿರುವ ಗಣೇಶ ಅನಂತ್ ನಾಗ್. ಯಜಮಾನನ ಮಗಳು ಆದಿಲಕ್ಷ್ಮಿ ವಿನಯಾ ಪ್ರಸಾದ್. ಗಣೇಶನಿಗೂ ಆದಿಲಕ್ಷ್ಮಿಗೂ ಕಂಡರೆ ಆಗಲ್ಲ, ಮಾತೆತ್ತಿದರೆ ಜಗಳ. ಅದೇ ಗಣೇಶ ಶ್ರುತಿ ಅನ್ನೋ ಹಾಡುಗಾರ್ತಿಯನ್ನ ಮೆಚ್ಚಿ ವೈ.ಜಿ. ರಾವ್ ಹೆಸರಲ್ಲಿ ಕಾಗದ ಬರೀತಾನೆ. ಮುಖ ನೋಡಿಲ್ಲ. ಆ ಶ್ರುತಿಯೇ ಆದಿಲಕ್ಷ್ಮಿ. ಇಬ್ಬರಿಗೂ ಗೊತ್ತಿಲ್ಲ.

ಹುಡುಗಿಯ ಪ್ರಶ್ನೆ ಇಷ್ಟೇ: "ಚಿಕ್ಕಪ್ಪಾ, ದಿನಾ ಬೆಳಗಾದ್ರೆ ಕೇಳೋ ದನಿ ತಾನೇ ಅದು? ಹಾಡು ಕೇಳಿದಾಗ ಇದು ಇವಳದೇ ಅಂತ ಯಾಕೆ ಗೊತ್ತಾಗಲಿಲ್ಲ?"

ಏನು ಹೇಳಲಿ ಇವಳಿಗೆ?

ಗಾಂಧಿಬಜಾರ್ ಕಾಫಿ

ಸಿನಿಮಾ ಅಂದ್ಮೇಲೆ ಅಷ್ಟು ಒಪ್ಕೋಬೇಕು ಅಂತ ಹೇಳಿ.

ತಿಪಟೂರು ತೆಂಗು

ಅದನ್ನೇ ಹೇಳಿದೆ. "ಅದು ಉತ್ತರ ಅಲ್ಲ" ಅಂದಳು. ಅವಳು ಹೇಳಿದ್ದು ಸರಿ ಅಲ್ವಾ?

ಹಳೇ ರೇಡಿಯೋ

ಹುಡುಗಿ ಜಾಣೆ. ನನಗೂ ಈ ಪ್ರಶ್ನೆ ಬಂದಿರಲಿಲ್ಲ. ಯಾಕೆ ಬರಲಿಲ್ಲ ಅಂತ ಈಗ ಯೋಚಿಸಿದರೆ ಒಂದು ಕಾರಣ ಸಿಗುತ್ತೆ. ನಮ್ಮ ಸಿನಿಮಾಗಳಲ್ಲಿ ನಾಯಕಿ ಮಾತಾಡುವಾಗ ಒಂದು ದನಿ, ಹಾಡುವಾಗ ಹಿನ್ನೆಲೆ ಗಾಯಕಿಯ ದನಿ. ಇದನ್ನ ಕೇಳಿ ಕೇಳಿ ನಮ್ಮ ಕಿವಿಗೆ ಅಭ್ಯಾಸ ಆಗಿಬಿಟ್ಟಿದೆ. ಈ ಸಿನಿಮಾದಲ್ಲೂ ಹಾಗೇ. ಅಂದ್ರೆ ಆದಿಲಕ್ಷ್ಮಿಯ ಮಾತಿನ ದನಿಯೂ ಶ್ರುತಿಯ ಹಾಡಿನ ದನಿಯೂ ನಿಜಕ್ಕೂ ಬೇರೆ ಬೇರೆ! ಗಣೇಶನಿಗೆ ಹೇಗೆ ಗೊತ್ತಾಗಬೇಕು? ನಮಗೇ ಗೊತ್ತಾಗಲ್ಲ.

ಗಾಂಧಿಬಜಾರ್ ಕಾಫಿ

ಇದು ಚೆನ್ನಾಗಿದೆ. ಒಪ್ಪಿದೆ.

ಸಾಧನಕೇರಿ

ಹಿನ್ನೆಲೆ ಗಾಯನದ ಮಾತು ಬಿಡಿ, ನಿಜ ಜೀವನದಲ್ಲೂ ಗೊತ್ತಾಗಲ್ಲ. ನಮ್ಮ ಅತ್ತೆ (ಅಪ್ಪನ ಅಕ್ಕ) ಧಾರವಾಡ ಆಕಾಶವಾಣಿಯಲ್ಲಿ ಭಾವಗೀತೆ ಹಾಡುತ್ತಿದ್ದರು. ಮೊದಲ ಸಲ ಹಾಡಿದಾಗ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ರೆಕಾರ್ಡಿಂಗ್ ಮುಗಿಸಿ ಬಂದು ಸುಮ್ನೆ ಇದ್ದುಬಿಟ್ಟರು. ಪ್ರಸಾರ ಆಗುವ ದಿನ ಮಾಮ ಪಡಸಾಲೆಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದರು. ರೇಡಿಯೋದಲ್ಲಿ ಹಾಡು ಬಂತು. ಮಾಮ ಪೂರ್ತಿ ಕೇಳಿ, "ಯಾರೋ ಏನೋ, ಭಾಳ ಛಲೋ ಹಾಡಿದರು ನೋಡು" ಅಂತ ಒಳಗೆ ಕೂಗಿ ಹೇಳಿದರಂತೆ. ಮದುವೆಯಾಗಿ ಆಗಲೇ 11 ವರ್ಷ.

ಹಾಡುವಾಗ ಉಸಿರು ಬೇರೆ, ಸ್ಥಾಯಿ ಬೇರೆ, ಅಕ್ಷರ ಎಳೆಯುವ ರೀತಿ ಬೇರೆ. ಜಗಳದ ದನಿ ಗಂಟಲಿಂದ ಬರುತ್ತೆ. ನಿಮ್ಮ ಹುಡುಗಿಗೆ ಇದನ್ನ ಹೇಳಿ.

ತಿಪಟೂರು ತೆಂಗು

ಅತ್ತೆ ಆಮೇಲೆ ಹೇಳಿದರಾ ಮಾಮನಿಗೆ?

ಸಾಧನಕೇರಿ

ನಿಲಯದಿಂದ ಚೆಕ್ ಬಂದ ದಿನ ಗೊತ್ತಾಯಿತು. ಮುಂದಿನ ಸಲ ರೆಕಾರ್ಡಿಂಗಿಗೆ ಮಾಮನೇ ಸೈಕಲ್ ಮೇಲೆ ಕರಕೊಂಡು ಹೋದರು.

ಕಡಲ ತಡಿ

ಒಂದು ಬೇರೆ ಮಾತು. ನಾನು ಉಡುಪಿಯವನು. ಚಿಕ್ಕವನಿದ್ದಾಗ ಈ ಸಿನಿಮಾ ನೋಡಿದಾಗ 'ವಠಾರ' ಅನ್ನೋದೇ ಅರ್ಥ ಆಗಿರಲಿಲ್ಲ. ನಮ್ಮಲ್ಲಿ ವಠಾರ ಅಂದ್ರೆ ಆವರಣ. ಶಾಲಾ ವಠಾರ, ದೇವಸ್ಥಾನದ ವಠಾರ ಅಂತೇವೆ. ಹಾಗಾಗಿ ಇಷ್ಟು ಜನ ಯಾಕೆ ಅಂಗಳದಲ್ಲಿ ಸಂಸಾರ ಮಾಡ್ತಿದ್ದಾರೆ ಅಂತ ತಲೆ ಕೆಡಿಸಿಕೊಂಡಿದ್ದೆ.

ಉಣಕಲ್ ಕೆರೆ

ನಮ್ಮ ಹುಬ್ಬಳ್ಳಿ ಕಡೆ ಅದಕ್ಕೆ ಚಾಳ ಅಂತಾರೆ. ಒಂದೇ ಸಾಲು, ಒಂದೇ ನಳ, ಬೆಳಿಗ್ಗೆ ಐದಕ್ಕೆ ಕೊಡಗಳ ಪಾಳಿ. ಉಳಿದದ್ದೆಲ್ಲ ಸಿನಿಮಾದಂತೆಯೇ.

ಚಾಮರಾಜಪೇಟೆ 5ನೇ ಮುಖ್ಯರಸ್ತೆ

ವಠಾರದ ಮಾತು ಬಂತು, ಹಾಗಾಗಿ ಬರೀತಿದ್ದೀನಿ. ಈ ಸಿನಿಮಾ ಬಂದಾಗಿನಿಂದ ಮನೆ ಓನರ್ ಅಂದ್ರೆ ರಮಣಮೂರ್ತಿ ಅನ್ನೋ ಹಾಗಾಗಿದೆ. ನಮ್ಮ ತಾತನದು 8 ಮನೆಯ ವಠಾರ. ತಾತನನ್ನ ಹಿಂದಿನಿಂದ ಹುಡುಗರು ರಮಣಮೂರ್ತಿ ಅಂತ ಕೂಗುತ್ತಿದ್ದರು. ನನಗೆ ಆಗ 9 ವರ್ಷ, ತುಂಬಾ ನೋವಾಗಿತ್ತು.

ಓನರ್ ಕಡೆಯದ್ದೂ ಸ್ವಲ್ಪ ಕೇಳಿ. ಆಗ ಇದ್ದದ್ದು 1961ರ ಬಾಡಿಗೆ ನಿಯಂತ್ರಣ ಕಾಯ್ದೆ. ಬಾಡಿಗೆ ಬೇಕಾದ ಹಾಗೆ ಏರಿಸೋ ಹಾಗಿಲ್ಲ. ಬಿಡಿಸಬೇಕಂದ್ರೆ ಕೋರ್ಟಿನಲ್ಲಿ ಕಾರಣ ತೋರಿಸಬೇಕು, ಅದು ವರ್ಷಗಟ್ಟಲೆ ಎಳೆಯುತ್ತೆ. ಒಂದು ಮನೆಯವರು 1970ರ ಬಾಡಿಗೆಯನ್ನೇ 1990ರಲ್ಲೂ ಕೊಡುತ್ತಿದ್ದರು. ಹೆಂಚು ಒಡೆದರೆ ತಾತ ಹಾಕಿಸಬೇಕು, ಬಚ್ಚಲು ಕಟ್ಟಿದರೆ ತಾತ ಸರಿ ಮಾಡಿಸಬೇಕು. ಆ ದುಡ್ಡು ಎಲ್ಲಿಂದ ಬರಬೇಕು? ಹೊಸ ಬಾಡಿಗೆ ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2001ರ ಕೊನೆಗೆ. ಅಷ್ಟರಲ್ಲಿ ತಾತ ಹೋಗಿಬಿಟ್ಟಿದ್ದರು.

ಬ್ಯಾಚುಲರ್ ರೂಮು

ಅಣ್ಣಾ, ನಿಮ್ಮ ತಾತನ ಬಗ್ಗೆ ಗೌರವ ಇದೆ. ಆದರೆ ಬಾಡಿಗೆದಾರರ ಕಷ್ಟ ಜಾಸ್ತಿ. ನಾನು ಬೆಂಗಳೂರಿಗೆ ಬಂದಾಗ ಮೂರು ತಿಂಗಳು ಮನೆ ಹುಡುಕಿದೆ. ಮದುವೆ ಆಗಿಲ್ಲ ಅಂದ ತಕ್ಷಣ ಬಾಗಿಲು ಹಾಕೋರು. ಕೊನೆಗೆ ಸಿಕ್ಕಿದ ಕಡೆ 10 ತಿಂಗಳ ಬಾಡಿಗೆ ಅಡ್ವಾನ್ಸ್ ಕೊಟ್ಟೆ. ರಾತ್ರಿ 10 ಗಂಟೆಗೆ ಗೇಟಿಗೆ ಬೀಗ. ಊರಿಂದ ಅಮ್ಮ ಬಂದು ನಾಲ್ಕು ದಿನ ಇದ್ದರೆ "ನೀರು ಜಾಸ್ತಿ ಖರ್ಚಾಗ್ತಿದೆ" ಅಂತ ಅಮ್ಮನ ಎದುರೇ ಅಂದರು. ಅಮ್ಮ ಮಾರನೇ ದಿನವೇ ಬಸ್ಸು ಹತ್ತಿದರು. ಅದನ್ನ ನಾನು ಮರೆಯಲ್ಲ. ಗಣೇಶ ರಮಣಮೂರ್ತಿಗೆ ಎದುರು ಮಾತಾಡಿದಾಗ ನನಗೆ ಆಗುವ ಸಂತೋಷ ಅಲ್ಲಿಂದ ಬಂದದ್ದು.

ಚಾಮರಾಜಪೇಟೆ 5ನೇ ಮುಖ್ಯರಸ್ತೆ

ಅಮ್ಮನ ಎದುರು ಹಾಗೆ ಅಂದದ್ದು ತಪ್ಪು. ಅದನ್ನ ಸಮರ್ಥಿಸೋಕೆ ಆಗಲ್ಲ. ಆದರೆ ನಮ್ಮ ವಠಾರದಲ್ಲಿ ಐದನೇ ಮನೆಯ ಹುಡುಗಿಯ ಮದುವೆ ನಮ್ಮ ಅಂಗಳದಲ್ಲೇ ಆಯಿತು. ಛತ್ರಕ್ಕೆ ಅವರ ಹತ್ತಿರ ದುಡ್ಡಿರಲಿಲ್ಲ. ತಾತ ಚಪ್ಪರ ಹಾಕಿಸಿದರು. ಎಂಟೂ ಮನೆಗಳ ಒಲೆ ಮೇಲೆ ಅಡುಗೆ ಆಯಿತು. ನಮ್ಮ ಮನೆಯಲ್ಲಿ ಹೋಳಿಗೆ, ಎದುರು ಮನೆಯಲ್ಲಿ ಹುಳಿ. ಜಗಳ ಆಡಿ ಮಾತು ಬಿಟ್ಟಿದ್ದ ಮೂರನೇ ಮನೆಯವರೂ ಬಂದು ಎಲೆ ಹಾಕಿದರು.

ಬ್ಯಾಚುಲರ್ ರೂಮು

ಇದು ಇಷ್ಟ ಆಯಿತು. ಅಂಥ ಓನರ್ ನನಗೂ ಸಿಗಬೇಕಿತ್ತು.

ಮಂಡ್ಯ ಬೆಲ್ಲ

ರಮಣಮೂರ್ತಿಗೆ ಬೆಳಿಗ್ಗೆ ಬೆಳಿಗ್ಗೆ ಹಾಲಿನ ವಿಷಯಕ್ಕೆ ಜಗಳ ಆಗುತ್ತಲ್ಲ, ಅದು ಈ ಸಿನಿಮಾನಾ, 'ಯಾರಿಗೂ ಹೇಳ್ಬೇಡಿ'ನಾ? ನನಗೆ ಎರಡೂ ಕಲಸಿಹೋಗಿವೆ.

ಹಳೇ ರೇಡಿಯೋ

ರಮಣಮೂರ್ತಿ ಇದ್ದರೆ ಅದು 'ಗಣೇಶನ ಮದುವೆ'. 'ಯಾರಿಗೂ ಹೇಳ್ಬೇಡಿ' 1994ರದ್ದು. ಅದರಲ್ಲೂ ಅನಂತ್ ನಾಗ್, ವಿನಯಾ ಪ್ರಸಾದ್ ಇದ್ದಾರೆ. ಅದಕ್ಕೇ ಎಲ್ಲರಿಗೂ ಕಲಸಿಹೋಗುತ್ತೆ. ಫಣಿ ರಾಮಚಂದ್ರ ಅವರ ಸಾಲು ಬೇರೆ. 'ಗಣೇಶನ ಮದುವೆ' ಆದ ಮೇಲೆ 1991ರಲ್ಲಿ 'ಗೌರಿ ಗಣೇಶ', 1992ರಲ್ಲಿ 'ಗಣೇಶ ಸುಬ್ರಹ್ಮಣ್ಯ'. ಮೂರರ ಹೆಸರಲ್ಲೂ ಗಣೇಶ, ಮೂರರಲ್ಲೂ ಅನಂತ್ ನಾಗ್, ಕತೆ ಮಾತ್ರ ಬೇರೆ ಬೇರೆ.

ನಾಟಕದ ಹುಚ್ಚು

ಮುಖ್ಯಮಂತ್ರಿ ಚಂದ್ರು ಬಗ್ಗೆ ಯಾರೂ ಮಾತಾಡ್ತಿಲ್ಲ. ಈ ಸಿನಿಮಾದ ಅರ್ಧ ಜೀವ ಅವರು. 'ಮುಖ್ಯಮಂತ್ರಿ' ನಾಟಕದಿಂದ ಅವರ ಹೆಸರಿಗೆ ಆ ಪದ ಅಂಟಿಕೊಂಡದ್ದು. ಕಲಾಗಂಗೋತ್ರಿ ತಂಡದ ನಾಟಕ. ರಂಗದ ಮೇಲೆ ನಿಂತು ಕೊನೆಯ ಸಾಲಿನವರಿಗೂ ಮುಟ್ಟಿಸಿ ಮಾತಾಡಿ ಅಭ್ಯಾಸ ಇರುವ ನಟರು ಅವರು. ರಮಣಮೂರ್ತಿಯ ಗದರಿಕೆಯಲ್ಲಿ ಒಂದೊಂದು ಅಕ್ಷರವೂ ಬಿಡಿಸಿ ಕೇಳುತ್ತೆ ನೋಡಿ. ಸಿಟ್ಟು ಎಷ್ಟೇ ಏರಿದರೂ ಮಾತು ಕಲಸಲ್ಲ. ಅನಂತ್ ನಾಗ್ ಇದಕ್ಕೆ ಉಲ್ಟಾ. ದನಿ ಏರಿಸದೇ ಹೇಳ್ತಾರೆ. ಒಬ್ಬರು ಕೂಗ್ತಾರೆ, ಇನ್ನೊಬ್ಬರು ಮೆತ್ತಗೆ ಚುಚ್ತಾರೆ. ನಗು ಬರೋದು ಆ ಎರಡರ ಜೋಡಿಯಿಂದ.

ಶಿಕಾಗೋ ಸಂಪಿಗೆ

ನಾನು ಒಂದು ಮಾತು ಹೇಳಿದರೆ ಬೇಜಾರು ಮಾಡ್ಕೋಬೇಡಿ. ಎದುರಾ ಬದುರಾ ಜಗಳ, ಕಾಗದದಲ್ಲಿ ಪ್ರೀತಿ, ಇಬ್ಬರೂ ಅವರೇ ಅಂತ ಇಬ್ಬರಿಗೂ ಗೊತ್ತಿಲ್ಲ. ಈ ಕತೆ ಹೊಸದಲ್ಲ. ಹಂಗೇರಿಯ ಒಂದು ನಾಟಕ ಇದೆ, 1937ರದ್ದು. ಅದು ಹಾಲಿವುಡ್‌ಗೆ ಹೋಗಿ 1940ರಲ್ಲಿ 'ದಿ ಶಾಪ್ ಅರೌಂಡ್ ದಿ ಕಾರ್ನರ್' ಆಯಿತು. ಅಲ್ಲಿ ಇಬ್ಬರೂ ಒಂದೇ ಅಂಗಡಿಯಲ್ಲಿ ಕೆಲಸ ಮಾಡೋರು. 1998ರಲ್ಲಿ ಅದೇ ಕತೆ 'ಯೂವ್ ಗಾಟ್ ಮೇಲ್' ಆಗಿ ಬಂತು. ಕಾಗದದ ಬದಲು ಇಮೇಲ್.

ಗಾಂಧಿಬಜಾರ್ ಕಾಫಿ

ಹೋಲಿಕೆ ಇರಬಹುದು. ಆದರೆ ಅಂಗಡಿ ಬೇರೆ, ವಠಾರ ಬೇರೆ. ಅಂಗಡಿಯಲ್ಲಿ ಸಂಜೆ ಬಾಗಿಲು ಹಾಕಿದ ಮೇಲೆ ಅವರವರ ಮನೆಗೆ ಹೋಗ್ತಾರೆ. ವಠಾರದಲ್ಲಿ ಜಗಳ ಆಡಿದವಳ ಮುಖ ಹಲ್ಲುಜ್ಜುವಾಗಲೂ ನೋಡಬೇಕು.

ಶಿಕಾಗೋ ಸಂಪಿಗೆ

ನಾನು ಕಡಿಮೆ ಮಾಡಿ ಹೇಳಲಿಲ್ಲ. ಇಲ್ಲಿ ನನ್ನ ಗೆಳತಿಯರಿಗೆ ಇಂಗ್ಲಿಷ್ ಸಬ್‌ಟೈಟಲ್ ನಾನೇ ಬಾಯಲ್ಲಿ ಹೇಳ್ತಾ ಈ ಸಿನಿಮಾ ತೋರಿಸಿದ್ದೀನಿ. ನಕ್ಕರು. ಆದರೆ ಓನರ್ ಮಗಳು ಅಂದ್ರೆ ಯಾಕೆ ಅಷ್ಟು ದೊಡ್ಡ ತೊಡಕು ಅಂತ ವಿವರಿಸೋಕೆ ಹತ್ತು ನಿಮಿಷ ಬೇಕಾಯಿತು.

ಮಲೆನಾಡ ಮಳೆ

ನನಗೆ ಗಣೇಶನ ಮೇಲೇ ತಕರಾರು. ಎದುರಿಗಿರುವ ಹುಡುಗಿ ಜೊತೆ ಜಗಳ, ಕಾಣದ ಹುಡುಗಿಗೆ ಸಕ್ಕರೆ ಮಾತು. ಕಾಗದದಲ್ಲಿ ಯಾರು ಬೇಕಾದರೂ ಒಳ್ಳೆಯವರಾಗಬಹುದು. ಅಂಥವನನ್ನ ನಂಬಿ ಮದುವೆ ಆಗಬಹುದಾ? ಇನ್ನೊಂದು, ಅನಂತ್ ನಾಗ್ ಹುಟ್ಟಿದ್ದು 1948. ಸಿನಿಮಾ ಬಂದಾಗ ಹತ್ತಿರ ಹತ್ತಿರ 42. ಮದುವೆಗೆ ಕಾಯ್ತಿರೋ ಹುಡುಗ ಅಂತ ತೋರಿಸ್ತಾರೆ.

ಉಣಕಲ್ ಕೆರೆ

42 ಅಂತ ತೆರೆ ಮೇಲೆ ಎಲ್ಲೂ ಅನ್ನಿಸಲ್ಲ ಅಕ್ಕಾ.

ಸಾಧನಕೇರಿ

ವಯಸ್ಸು ಬಿಡಿ, ನಿಮ್ಮ ಮೊದಲ ಪ್ರಶ್ನೆ ಗಟ್ಟಿ ಇದೆ. ನನ್ನ ಅನಿಸಿಕೆ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಆ ಕಾಲದಲ್ಲಿ ಹೆಣ್ಣು ನೋಡೋದು ಹೇಗಿತ್ತು ನೆನಪು ಮಾಡ್ಕೊಳ್ಳಿ. ಗಂಡಿನ ಕಡೆಯವರು ಬರ್ತಾರೆ. ಉಪ್ಪಿಟ್ಟು, ಕೇಸರಿಬಾತು. ಹುಡುಗಿ ತಲೆ ತಗ್ಗಿಸಿ ಕಾಫಿ ತಂದುಕೊಡ್ತಾಳೆ. ಆಮೇಲೆ ಹಿರಿಯರೊಬ್ಬರು "ಒಂದು ಹಾಡು ಹೇಳಮ್ಮ" ಅಂತಾರೆ. ಅವಳು ಕಲಿತ ಒಂದು ದೇವರನಾಮ ಹೇಳ್ತಾಳೆ. ಮುಗೀತು. ಹುಡುಗನಿಗೆ ಅವಳ ಬಗ್ಗೆ ಗೊತ್ತಾಗೋದು ಆ ಹಾಡಿನ ದನಿ ಮಾತ್ರ. ಅವಳಿಗೆ ಸಿಟ್ಟು ಬಂದಾಗ ದನಿ ಹೇಗಿರುತ್ತೆ, ನೀರಿನ ಕೊಡಕ್ಕೆ ಜಗಳ ಬಂದಾಗ ಏನಂತಾಳೆ, ಒಂದೂ ಗೊತ್ತಿಲ್ಲ. ಅವಳಿಗೆ ಅವನ ಬಗ್ಗೆ ಅಷ್ಟೂ ಗೊತ್ತಿಲ್ಲ, ಅವನನ್ನ ಯಾರೂ ಹಾಡು ಅಂತ ಕೇಳಲ್ಲ.

ಗಣೇಶ, ಆದಿಲಕ್ಷ್ಮಿಗೆ ಹಾಗಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕೆಟ್ಟ ಸಿಟ್ಟಲ್ಲಿ ನೋಡಿದ್ದಾರೆ. ಮನಸ್ಸು ಬಿಚ್ಚಿ ಬರೆದ ಕಾಗದವನ್ನೂ ಓದಿದ್ದಾರೆ. ಎರಡನ್ನೂ ಬೇರೆ ಬೇರೆ ಜನ ಅಂದುಕೊಂಡಿದ್ದರು, ಅಷ್ಟೇ. ಮದುವೆಗೆ ಮುಂಚೆ ಇಷ್ಟು ಗೊತ್ತಿದ್ದ ಜೋಡಿ ಆ ಕಾಲದಲ್ಲಿ ಎಷ್ಟಿದ್ದವು ಹೇಳಿ? ನಾನು ಈ ಸಿನಿಮಾವನ್ನ ಇಷ್ಟಪಡೋದು ಇದಕ್ಕೇ.

ಮಲೆನಾಡ ಮಳೆ

ಹೀಗೆ ಯೋಚಿಸಿರಲಿಲ್ಲ. ನನ್ನ ಅಮ್ಮನೂ ಹಾಡಿದ್ದರಂತೆ ಆ ದಿನ. ಅಪ್ಪ ಹಾಡನ್ನ ಮೆಚ್ಚಿ ಒಪ್ಪಿದ್ದು. ಮದುವೆಯಾದ ಮೇಲೆ ಒಂದು ದಿನವೂ "ಹಾಡು" ಅಂತ ಕೇಳಲಿಲ್ಲ ಅಂತ ಅಮ್ಮ ಈಗಲೂ ಹೇಳ್ತಾರೆ. ಗಣೇಶನ ಮೇಲಿನ ತಕರಾರು ಅರ್ಧ ವಾಪಸ್ ತಗೊಂಡೆ. ಇನ್ನರ್ಧ ಹಾಗೇ ಇರಲಿ.

ಕಡಲ ತಡಿ

ಹೆಸರಿನ ವಿಷಯ ಗಮನಿಸಿದಿರಾ? ಆದಿಲಕ್ಷ್ಮಿ ಅಂದ್ರೆ ಮನೆಯವರು ಇಟ್ಟ ಹೆಸರು, ಅಜ್ಜಿಯದಿರಬೇಕು. ಶ್ರುತಿ ಅವಳೇ ಇಟ್ಟುಕೊಂಡದ್ದು. ಅವನೂ ವಠಾರದಲ್ಲಿ ಗಣೇಶ, ಕಾಗದದಲ್ಲಿ ವೈ.ಜಿ. ರಾವ್. ಮನೆಗೊಂದು ಹೆಸರು, ಕನಸಿಗೊಂದು.

ಮಂಡ್ಯ ಬೆಲ್ಲ

1990ರಲ್ಲೇ ದ್ವಾರಕೀಶ್ ಅವರ 'ಶ್ರುತಿ' ಕೂಡ ಬಂತು. ನಟಿ ಶ್ರುತಿಗೆ ಆ ಹೆಸರು ಬಂದದ್ದು ಅದರಿಂದಲೇ. ಆಮೇಲೆ ನಮ್ಮ ಬೀದಿಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಮೂವರು ಶ್ರುತಿ. ಆದಿಲಕ್ಷ್ಮಿ ಅಂತ ಒಬ್ಬಳೂ ಇಲ್ಲ.

ಕೋಲಾರದ ಕಣಿ

ಕಾಗದದ ಮಾತು ಬಂದದ್ದಕ್ಕೆ ನಮ್ಮದನ್ನೂ ಹೇಳ್ತೀನಿ. ನಿಶ್ಚಿತಾರ್ಥ ಆಗಿ ಮದುವೆಗೆ ಐದು ತಿಂಗಳು ಇತ್ತು. ಇಬ್ಬರ ಮನೆಯಲ್ಲೂ ಫೋನಿಲ್ಲ. ನಾನು ಇನ್‌ಲ್ಯಾಂಡ್ ಲೆಟರ್ ಬರೀತಿದ್ದೆ. ಅದು ಅವರ ಮನೆಯಲ್ಲಿ ಎಲ್ಲರ ಕೈ ದಾಟಿ ಅವಳಿಗೆ ಸಿಗುತ್ತೆ ಅಂತ ಗೊತ್ತು. ಹಾಗಾಗಿ ಮಳೆ, ಬೆಳೆ, ಆಫೀಸು, ಹಿರಿಯರಿಗೆ ನಮಸ್ಕಾರ. ಅವಳೂ ಹಾಗೇ. ಒಂದು ಸಲ ಕೊನೆಯಲ್ಲಿ "ನೀವು ಕಾಗದದ ಮಡಿಕೆಯ ಅಂಚಲ್ಲೂ ಬರೆಯಬಹುದು, ಅಪ್ಪನಿಗೆ ಕನ್ನಡಕ ಹಾಕಿದರೂ ಅದು ಕಾಣಲ್ಲ" ಅಂತ ತುಂಬ ಸಣ್ಣಕ್ಷರದಲ್ಲಿ ಬರೆದಿದ್ದಳು. ಅವತ್ತು ನನಗೆ ಇವಳು ಯಾರು ಅಂತ ಗೊತ್ತಾಯಿತು. ಮದುವೆಯಾಗಿ 33 ವರ್ಷ. ಕಾಗದಗಳು ಈಗಲೂ ಬಿಸ್ಕತ್ ಡಬ್ಬಿಯಲ್ಲಿವೆ.

ಬ್ಯಾಚುಲರ್ ರೂಮು

ಅಂಚಲ್ಲಿ ನೀವು ಏನು ಬರೆದಿರಿ ಸರ್?

ಕೋಲಾರದ ಕಣಿ

ಅದು ಅವಳಿಗೆ ಬರೆದದ್ದು.

ತಿಪಟೂರು ತೆಂಗು

ಎಲ್ಲ ಉತ್ತರಗಳನ್ನೂ ಅಣ್ಣನ ಮಗಳಿಗೆ ಓದಿ ಹೇಳಿದೆ. ಧಾರವಾಡದ ಅತ್ತೆಯ ಕತೆ ಕೇಳಿ "ಮಾಮನಿಗೆ ಕಿವಿ ಮಂದ ಇರಬೇಕು" ಅಂದಳು. ಒಪ್ಪಲೇ ಇಲ್ಲ. ತನಗಾದರೆ ಮನೆಯವರ ದನಿ ಹೇಗಿದ್ದರೂ ಗೊತ್ತಾಗುತ್ತೆ ಅಂತ ಹಟ.

ನಿನ್ನೆ ರಾತ್ರಿ ನನಗೊಂದು ನೆನಪಾಯಿತು. ಅತ್ತಿಗೆ ಅಣ್ಣನ ಮದುವೆಯ ಕ್ಯಾಸೆಟ್ ಎತ್ತಿಟ್ಟಿದ್ದಾರೆ. ವಿಡಿಯೋ ಅಲ್ಲ, ಟೇಪ್ ರೆಕಾರ್ಡರಿನಲ್ಲಿ ಹಿಡಿದದ್ದು. ಬೀಗರ ಊಟದ ಹೊತ್ತಿಗೆ ಹೆಂಗಸರು ಬೀಗರ ಹಾಡು ಹೇಳಿದ್ದು ಅದರಲ್ಲಿದೆ. ಪಕ್ಕದ ಮನೆಯವರ ಹಳೇ ಟೇಪ್ ರೆಕಾರ್ಡರ್ ತಂದು ಹಾಕಿದೆ. ಮೊದಲು ಪಾತ್ರೆ ಸದ್ದು, ಆಮೇಲೆ ಯಾರೋ ನಗೋದು, ಆಮೇಲೆ ಒಬ್ಬರು ಹಾಡೋಕೆ ಶುರು ಮಾಡಿದರು. ಬೀಗಿತ್ತಿಯ ಜಡೆ, ಬೀಗಿತ್ತಿಯ ನಡಿಗೆ, ಅವಳು ತಿಂದ ಲಾಡು, ಎಲ್ಲವನ್ನೂ ಹಾಸ್ಯ ಮಾಡಿ ಹಾಡ್ತಾರೆ. ಎಳೇ ದನಿ, ತುಂಬ ಚುರುಕು.

ಹುಡುಗಿ ಕೇಳ್ತಾ ಕೇಳ್ತಾ ನಕ್ಕಳು. "ಚೆನ್ನಾಗಿ ಹಾಡ್ತಾರೆ, ಯಾರಿವರು? ನಮ್ಮ ನೆಂಟರಾ?" ಅಂದಳು.

ಅವಳ ಅಜ್ಜಿ, ಅಂದ್ರೆ ನಮ್ಮಮ್ಮ, ಅಲ್ಲೇ ಪಕ್ಕದಲ್ಲಿ ಅವರೆಕಾಳು ಸುಲಿಯುತ್ತಾ ಕೂತಿದ್ದರು. ಹುಟ್ಟಿದಾಗಿನಿಂದ ಇವಳನ್ನ ಬೆಳೆಸಿದ್ದು ಅವರೇ. ತಲೆ ಎತ್ತದೇ ಮುಂದಿನ ಸಾಲು ಟೇಪಿನ ಜೊತೆ ಸೇರಿ ಹಾಡಿದರು.

ಹುಡುಗಿ ಟೇಪ್ ನಿಲ್ಲಿಸಿದಳು. ಅಜ್ಜಿ ನಿಲ್ಲಿಸಲಿಲ್ಲ.

ಸಾಧನಕೇರಿ

ಆ ಕ್ಯಾಸೆಟ್ ಇನ್ನು ಜಾಸ್ತಿ ಸಲ ಹಾಕಬೇಡಿ, ರೀಲು ತುಂಡಾಗುತ್ತೆ. ಒಂದೇ ಸಲ ಹಾಕಿ ಮೊಬೈಲಿನಲ್ಲಿ ಹಿಡಿದುಕೊಳ್ಳಿ. ಅಮ್ಮನಿಗೆ ನೆನಪಿರುವ ಬೀಗರ ಹಾಡೆಲ್ಲ ಈಗಲೇ ಹಾಡಿಸಿ ಬರೆದಿಟ್ಟುಕೊಳ್ಳಿ. ಹುಡುಗಿಗೆ ಹೇಳಿ, ಅವಳೇ ಬರೆಯಲಿ.

ತಿಪಟೂರು ತೆಂಗು

ಶುರು ಮಾಡಿದ್ದಾಳೆ. ಏಳು ಹಾಡು ಆಯಿತು. ಎಂಟನೆಯದಕ್ಕೆ ಅಮ್ಮ "ಇದು ನಿನ್ನ ವಯಸ್ಸಿಗೆ ಬೇಡ" ಅಂತ ಹಟ ಹಿಡಿದು ಕೂತಿದ್ದಾರೆ.